ನಮ್ಮ ರವದಿ ಹೊಗೆ ಮುಗಿಲಿಗೆ ತೂತು ಹಾಕಿತೇ?

ನಾವು ಒಂದು ತಪ್ಪು ಸುದ್ದಿ ಬರೆದಿದ್ದೆವು. ಬೇಕಂತ ಬರೆದದ್ದಲ್ಲ, ಆದರೂ ಬರೆದದ್ದು ನಾವೇ. (ನಾವು ಅಂದರೆ ಇಲ್ಲಿ ಒಬ್ಬರೇ. ಸುದ್ದಿ ಬರೆಯುವವರ ಹಳೆಯ ರೂಢಿ, ಬಿಡಲಾಗುತ್ತಿಲ್ಲ.)

ಸೆಪ್ಟೆಂಬರ್ 16 ಓಝೋನ್ ದಿನ. ತಾಲೂಕು ಕೇಂದ್ರದಲ್ಲಿ ಒಂದು ಕಾರ್ಯಕ್ರಮ ಇತ್ತು. ಭಾಷಣ ಮಾಡಿದವರು ಓಝೋನ್ ಪದರಕ್ಕೆ ರಂಧ್ರ ಬಿದ್ದಿದೆ, ಅದಕ್ಕೇ ನಮ್ಮಲ್ಲಿ ಬಿಸಿಲು ಹೆಚ್ಚಾಗಿದೆ, ರೈತರು ಕಬ್ಬಿನ ರವದಿ ಸುಡುವುದೇ ಇದಕ್ಕೆ ಕಾರಣ ಅಂದರು. ನಾವು ಬರೆದುಕೊಂಡೆವು. ಸಂಜೆ ಆರರೊಳಗೆ ಸುದ್ದಿ ಕಳಿಸಬೇಕು, ಇನ್ನೂ ಎರಡು ಕಾರ್ಯಕ್ರಮ ಬಾಕಿ ಇದ್ದವು. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸಿಬಿಟ್ಟೆವು. ಮರುದಿನ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು. ತಲೆಬರಹದಲ್ಲೇ ರವದಿ ಇತ್ತು, ಓಝೋನ್ ಇತ್ತು. ನಮಗೆ ಖುಷಿಯೇ ಆಗಿತ್ತು.

ರವದಿ ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗಿದ ಎಲೆ. ಮಂಡ್ಯದ ಕಡೆಯವರು ತರಗು ಅನ್ನುತ್ತಾರೆ. ನಮ್ಮ ಜಮಖಂಡಿ ಸೀಮೆಯಲ್ಲಿ ಕಾರ್ಖಾನೆ ಶುರುವಾದರೆ ಸಂಜೆಯಾಗುತ್ತಲೇ ಅಲ್ಲೊಂದು ಇಲ್ಲೊಂದು ಹೊಲಕ್ಕೆ ಬೆಂಕಿ ಬೀಳುತ್ತದೆ. ನಮ್ಮ ಮನೆಯದೂ ಮೂರು ಎಕರೆ ಕಬ್ಬು. ಅಪ್ಪ ಮೂವತ್ತು ವರ್ಷದಿಂದ ಸುಡುತ್ತ ಬಂದಿದ್ದಾರೆ.

ಸುದ್ದಿ ಬಂದ ದಿನ ಚಹಾದಂಗಡಿಯಲ್ಲಿ ನಮ್ಮೂರ ಹಿರಿಯರೊಬ್ಬರು ಪೇಪರ್ ಎತ್ತಿ ಹಿಡಿದು ಕೇಳಿದರು. "ಪತ್ರಕರ್ತರs, ನಿಮ್ಮಪ್ಪನ ಹೊಲದ ಹೊಗಿ ಮುಗಲಿಗೆ ತೂತ ಹೊಡೀತೈತೇನ್ರಿ?" ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಬೆಂಚಿನ ತುದಿಯಲ್ಲಿ ಅಪ್ಪ ಕೂತಿದ್ದರು, ಅವರು ನಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಮಧ್ಯಾಹ್ನ ಫೋನ್ ಬಂತು. ನಮಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮಾಸ್ತರು. ನಿವೃತ್ತರಾಗಿ ಬಹಳ ವರ್ಷವಾಯಿತು.

"ಏನಪಾ, ಓಝೋನ್ ತೂತು ನಮ್ಮ ತಾಲೂಕಿನ ಮ್ಯಾಲ ಐತಿ ಅಂತ ಬರದೀಯಲ್ಲ, ಅದರ ಅಳತಿ ತಗೊಂಡಾವ್ರು ಯಾರು?"

"ಸರ್, ಭಾಷಣದಾಗ ಹೇಳಿದ್ರು..."

"ಅವರು ಮ್ಯಾಲ ಹೋಗಿ ನೋಡಿ ಬಂದಿದ್ರೇನು?"

ನಮ್ಮಲ್ಲಿ ಉತ್ತರ ಇರಲಿಲ್ಲ. ಡಿಪ್ಲೊಮಾದಲ್ಲಿ ಮೊದಲ ಪಾಠವೇ "ಮೂಲ ಯಾವುದು ಅಂತ ಕೇಳು" ಎಂಬುದು. ನಾವು ಕೇಳಿರಲಿಲ್ಲ. ಮಾಸ್ತರು ಬೈಯಲಿಲ್ಲ. "ಆದಿತವಾರ ಮನೀಗೆ ಬಾ" ಅಂದರು.

ಆ ಭಾನುವಾರದಿಂದ ಶುರುವಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೆವು. ಸುದ್ದಿ ಹಳೆಯದಾಯಿತು, ಜಾಗ ಇಲ್ಲ ಅಂದರು. ಹಾಗಾಗಿ ಇದನ್ನೇ ತಿದ್ದುಪಡಿ ಅಂದುಕೊಳ್ಳಿ. ಸ್ವಲ್ಪ ಉದ್ದವಾಗಿದೆ.

ಮಾಸ್ತರು ಮೊದಲು ಟಿವಿ ರಿಮೋಟ್ ಕೈಗೆ ಕೊಟ್ಟರು. ನೀವೂ ಈಗಲೇ ಮಾಡಿ ನೋಡಬಹುದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆಯಿರಿ, ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ಯಾವುದಾದರೂ ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಮಾತ್ರ ರಿಮೋಟಿನ ತುದಿಯ ಪುಟ್ಟ ಬಲ್ಬು ಮಿಣುಕುವುದು ಕಾಣುತ್ತದೆ. ಅದೇ ಅವಕೆಂಪು ಬೆಳಕು, ಇಂಗ್ಲಿಷಿನಲ್ಲಿ ಇನ್‌ಫ್ರಾರೆಡ್. ಕೆಂಪು ಬಣ್ಣದ ಆಚೆಗಿನದು, ನಮ್ಮ ಕಣ್ಣಿಗೆ ಸಿಗದ್ದು. ಒಲೆಯ ಪಕ್ಕ ಕೂತಾಗ ಮುಖಕ್ಕೆ ಬಡಿಯುವ ಕಾವಿನಲ್ಲಿ ಹೆಚ್ಚಿನ ಪಾಲು ಇಂಥದ್ದೇ ಬೆಳಕು, ಅಲೆ ಮಾತ್ರ ಇನ್ನೂ ಉದ್ದ.

ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಲಿಯಂ ಹರ್ಷೆಲ್, 1800ರಲ್ಲಿ. ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ಬಣ್ಣ ಬಣ್ಣವಾಗಿ ಹರಡಿ, ಒಂದೊಂದು ಬಣ್ಣದಲ್ಲಿ ಉಷ್ಣಮಾಪಕ ಇಟ್ಟು ನೋಡಿದರು. ಕೆಂಪು ಮುಗಿದ ಮೇಲೆ, ಬಣ್ಣವೇ ಇಲ್ಲದ ಜಾಗದಲ್ಲಿ ಇಟ್ಟದ್ದು ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು. ಅಲ್ಲಿ ಕಾಣದ ಬೆಳಕು ಇದೆ ಎಂದು ಗೊತ್ತಾದದ್ದು ಹೀಗೆ.

ಇಲ್ಲಿ ಮಾಸ್ತರು ಒಂದು ಮಾತು ಹೇಳಿದರು, ನಾವು ಕುರ್ಚಿಯಲ್ಲಿ ನೆಟ್ಟಗೆ ಕೂತೆವು. ಆ ಹರ್ಷೆಲ್ ಅವರ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ನಮ್ಮ ಜಮಖಂಡಿಗೆ ಬಂದಿದ್ದರು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಭಾರತದ ಸರ್ವೆಯಲ್ಲಿದ್ದ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಮಖಂಡಿಯಲ್ಲಿ ದೂರದರ್ಶಕ ಹೂಡಿ, ಸೂರ್ಯನ ಅಂಚಿನಿಂದ ಏಳುವ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿದರು. ಕಾಮನಬಿಲ್ಲಿನ ಹಾಗೆ ಎಲ್ಲ ಬಣ್ಣ ಕಾಣಲಿಲ್ಲ, ಬಿಡಿಬಿಡಿ ಹೊಳೆಯುವ ಗೆರೆಗಳು ಮಾತ್ರ ಕಂಡವು. ಹಾಗೆ ಗೆರೆ ಬಂದರೆ ಅದು ಉರಿಯುವ ಅನಿಲ. ಕೋಟ್ಯಂತರ ಕಿಲೋಮೀಟರ್ ದೂರದ ವಸ್ತು ಅನಿಲವೇ ಅಲ್ಲವೇ ಎನ್ನುವುದು ನಮ್ಮ ಊರಿನ ನೆಲದ ಮೇಲೆ ನಿಂತು ನಿರ್ಧಾರವಾಯಿತು. ಹತ್ತು ವರ್ಷದಿಂದ ಈ ತಾಲೂಕಿನ ಸುದ್ದಿ ಬರೆಯುತ್ತಿದ್ದೇವೆ, ಈ ಸುದ್ದಿ ಮಾತ್ರ ನಮಗೆ ಗೊತ್ತಿರಲಿಲ್ಲ.

"ಸೂರ್ಯನ ತನಕ ಯಾರೂ ಹೋಗಲಿಲ್ಲ, ಆದರೂ ಅಳತಿ ಆತಲ್ಲ" ಅಂದರು ಮಾಸ್ತರು. "ಮುಗಲಿನ ಗಾಳಿನೂ ಹಂಗs ಅಳೀತಾರ."

ಅವರು ಹೇಳಿಕೊಟ್ಟದ್ದು, ಆಮೇಲೆ ನಾವು ಓದಿಕೊಂಡದ್ದು ಸೇರಿಸಿ ಹೇಳುತ್ತೇವೆ.

ಜೋಕಾಲಿ ನೆನೆಸಿಕೊಳ್ಳಿ. ಪ್ರತಿ ಜೋಕಾಲಿಗೂ ಅದರದೇ ತೂಗು ಇರುತ್ತದೆ. ಆ ತೂಗಿಗೆ ಸರಿಯಾಗಿ ದೂಡಿದರೆ ಏರುತ್ತದೆ, ತಪ್ಪಿ ದೂಡಿದರೆ ಏರುವುದಿಲ್ಲ. ಅನಿಲದ ಕಣಗಳೂ ಹಾಗೆಯೇ. ಒಳಗಿನ ಪರಮಾಣುಗಳು ಸ್ಪ್ರಿಂಗ್ ಕಟ್ಟಿದಂತೆ ಅಲ್ಲಾಡುತ್ತಿರುತ್ತವೆ. ಮೀಥೇನಿಗೆ ಒಂದು ತೂಗು, ಕಾರ್ಬನ್ ಮೊನಾಕ್ಸೈಡಿಗೆ ಒಂದು, ಓಝೋನಿಗೆ ಮತ್ತೊಂದು. ಬಿಸಿಲಿನ ಅವಕೆಂಪು ಬೆಳಕು ಹಾದು ಬರುವಾಗ ತನ್ನ ತೂಗಿಗೆ ಹೊಂದುವ ಬೆಳಕನ್ನು ಮಾತ್ರ ಆಯಾ ಅನಿಲ ನುಂಗಿಕೊಳ್ಳುತ್ತದೆ. ಕೆಳಗೆ ಬಂದ ಬೆಳಕನ್ನು ಹರಡಿ ನೋಡಿದರೆ ನುಂಗಿದ ಕಡೆಯಲ್ಲೆಲ್ಲ ಕಪ್ಪು ಗೆರೆ. ಯಾವ ಜಾಗದಲ್ಲಿ ಗೆರೆ ಇದೆ ಎನ್ನುವುದು ಅನಿಲದ ಹೆಸರು ಹೇಳುತ್ತದೆ. ಗೆರೆ ಎಷ್ಟು ಗಾಢ ಎನ್ನುವುದು ಅನಿಲ ಎಷ್ಟಿದೆ ಎಂದು ಹೇಳುತ್ತದೆ.

ಒಣ ಗಾಳಿಯಲ್ಲಿ ನೂರಕ್ಕೆ 99 ಪಾಲು ಸಾರಜನಕ ಮತ್ತು ಆಮ್ಲಜನಕ. ಇವೆರಡೂ ಅವಕೆಂಪು ಬೆಳಕನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಎರಡು ಒಂದೇ ಥರದ ಪರಮಾಣು ಜೋಡಿಯಾದ ಕಣವನ್ನು ಹಿಡಿದು ಅಲ್ಲಾಡಿಸಲು ಬೆಳಕಿಗೆ ಹಿಡಿಕೆ ಸಿಗುವುದಿಲ್ಲ. ಅದು ಒಳ್ಳೆಯದೇ ಆಯಿತು. ಅವೂ ನುಂಗುತ್ತಿದ್ದರೆ ಉಳಿದ ಚೂರುಪಾರು ಅನಿಲಗಳ ಗೆರೆ ಕಾಣುತ್ತಲೇ ಇರಲಿಲ್ಲ. ಚೂರುಪಾರು ಅಂದರೆ ಎಷ್ಟು? ಗಾಳಿಯ 10 ಲಕ್ಷ ಕಣಗಳಲ್ಲಿ ಮೀಥೇನ್ 2ಕ್ಕಿಂತ ತುಸು ಕಡಿಮೆ. ಹಳೆಯ ಫ್ರಿಜ್‌ಗಳಲ್ಲಿ ಇರುತ್ತಿದ್ದ ಸಿಎಫ್‌ಸಿ-12 ಎಂಬ ಅನಿಲವಂತೂ ಒಂದು ಲಕ್ಷ ಕೋಟಿ ಕಣಗಳಲ್ಲಿ 500ರ ಆಸುಪಾಸು. ಅಷ್ಟನ್ನೂ ಗೆರೆ ನೋಡಿ ಹೇಳುತ್ತಾರೆ.

ಗಾಳಿಯಲ್ಲಿ ಮೀಥೇನ್ ಇದೆ ಎಂದು ಮೊದಲು ತಿಳಿದದ್ದೇ ಹೀಗೆ. 1948ರಲ್ಲಿ ಬೆಲ್ಜಿಯಂನ ಮಾರ್ಸೆಲ್ ಮಿಜೊಟ್ ಎಂಬ ವಿಜ್ಞಾನಿ ಅಮೆರಿಕದ ಒಹಾಯೊದಲ್ಲಿ ಬಿಸಿಲಿನ ಗೆರೆಗಳಲ್ಲಿ ಅದನ್ನು ಗುರುತಿಸಿದರು. ಆಮೇಲೆ 1950-51ರಲ್ಲಿ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ ಎಂಬ ಹಿಮದ ಬೆಟ್ಟದ ಮೇಲೆ, ಸುಮಾರು 3,580 ಮೀಟರ್ ಎತ್ತರದಲ್ಲಿ ಉಪಕರಣ ಇಟ್ಟು ಬಿಸಿಲನ್ನು ದಾಖಲಿಸಿದರು. ಬೆಟ್ಟ ಯಾಕೆ? ನೀರಿನ ಆವಿಯೂ ಅವಕೆಂಪನ್ನು ನುಂಗುತ್ತದೆ, ಬೇರೆ ಗೆರೆಗಳನ್ನು ಮುಚ್ಚಿಬಿಡುತ್ತದೆ. ಮೇಲೆ ಹೋದಷ್ಟೂ ಗಾಳಿ ಒಣ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದವರು ಅಲ್ಲಿ ಈಗಲೂ ಬಿಸಿಲು ಬಿದ್ದ ದಿನ ಅಳತೆ ಮಾಡುತ್ತಾರೆ. 1951ರ ಹಾಳೆಗಳನ್ನು ಇಂದಿನ ಅಳತೆಯ ಪಕ್ಕ ಇಟ್ಟು ಹೋಲಿಸುತ್ತಾರೆ. ನಮ್ಮಲ್ಲಿ ಹೋದ ವರ್ಷದ ಮಳೆ ಮಾಪನದ ಪುಸ್ತಕ ಕೇಳಿದರೆ ಕೀಲಿ ಯಾರ ಹತ್ತಿರ ಇದೆ ಎಂದು ಮೊದಲು ಹುಡುಕಬೇಕು.

ನೆಲದ ಮೇಲೆ ನಿಂತು ನೋಡಿದರೆ ಒಂದು ತೊಡಕು. ಗೆರೆ ಬಂತು ಸರಿ, ಅನಿಲ ಕೆಳಗಿದೆಯೋ ಮೇಲಿದೆಯೋ? ಇದಕ್ಕೆ ಸಿಕ್ಕ ಉಪಾಯ ನಮಗೆ ಬಹಳ ಹಿಡಿಸಿತು. ಕೆಳಗಿನ ಗಾಳಿ ಜಾತ್ರೆಯ ಹಾಗೆ, ಕಣಕ್ಕೆ ಕಣ ಡಿಕ್ಕಿ. ಆ ನೂಕುನುಗ್ಗಲಿನಲ್ಲಿ ಗೆರೆ ಅಗಲವಾಗಿ ಹರಡಿಕೊಳ್ಳುತ್ತದೆ. ಮೇಲಿನ ಗಾಳಿ ತೆಳು, ಡಿಕ್ಕಿ ಕಡಿಮೆ, ಗೆರೆ ಸಣ್ಣ. ಒಂದೇ ಗೆರೆಯ ಆಕಾರ ಬಿಡಿಸಿ ನೋಡಿ ಎಷ್ಟು ಪಾಲು ಕೆಳಗಿನದು, ಎಷ್ಟು ಮೇಲಿನದು ಎಂದು ಲೆಕ್ಕ ಹಾಕುತ್ತಾರೆ.

ಇನ್ನೊಂದು ದಾರಿ ಉಪಗ್ರಹ. ಕೆನಡಾ ದೇಶದ ಸೈಸ್ಯಾಟ್ ಎಂಬ ಉಪಗ್ರಹ 2003ರ ಆಗಸ್ಟ್ 12ರಂದು ಹಾರಿತು. ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತದೆ. ನಮಗೆ ದಿನಕ್ಕೆ ಒಂದು ಸೂರ್ಯೋದಯ, ಒಂದು ಸೂರ್ಯಾಸ್ತ. ಅದಕ್ಕೆ ದಿನಕ್ಕೆ ಸುಮಾರು 15 ಉದಯ, 15 ಅಸ್ತ. ಪ್ರತಿ ಸಲವೂ ಸೂರ್ಯ ಭೂಮಿಯ ಅಂಚಿನ ಗಾಳಿಯ ಹಿಂದಿನಿಂದ ಏಳುವಾಗ, ಮುಳುಗುವಾಗ ಅದು ನೆಟ್ಟನೆ ನೋಡುತ್ತದೆ. ಸೂರ್ಯ ಒಂದೊಂದೇ ಪದರದ ಹಿಂದೆ ಇಳಿಯುತ್ತ ಹೋದಂತೆ ಆಯಾ ಎತ್ತರದ ಗೆರೆಗಳು ಬರೆದುಕೊಳ್ಳುತ್ತವೆ. ಅದರ ಉಪಕರಣ ಬಣ್ಣಗಳನ್ನು ಒಂದೊಂದಾಗಿ ಹಿಡಿಯುವುದಿಲ್ಲ. ಭಜನೆಯಲ್ಲಿ ತಾಳ, ಪೇಟಿ, ದನಿ ಎಲ್ಲ ಒಟ್ಟಿಗೆ ಕಿವಿಗೆ ಬಿದ್ದರೂ ನಾವು ಬೇರೆ ಬೇರೆ ಗುರುತಿಸುತ್ತೇವಲ್ಲ, ಹಾಗೆ ಎಲ್ಲವನ್ನೂ ಒಟ್ಟಿಗೆ ದಾಖಲಿಸಿಕೊಂಡು ಆಮೇಲೆ ಗಣಿತದಿಂದ ಬಿಡಿಸುತ್ತಾರೆ. ಎರಡು ವರ್ಷ ಬಾಳಿದರೆ ಸಾಕು ಎಂದು ಕಳಿಸಿದ್ದು, ಇಪ್ಪತ್ತು ವರ್ಷ ದಾಟಿಯೂ ಕೆಲಸ ಮಾಡಿತು.

ಈಗ ನಮ್ಮ ತಪ್ಪಿಗೆ ಬರೋಣ.

ಓಝೋನ್ ರಂಧ್ರ ಎನ್ನುವುದು ಇರುವುದು ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದ ಮೇಲೆ. ಪ್ರತಿ ವರ್ಷ ಸೆಪ್ಟೆಂಬರಿನಿಂದ ನವೆಂಬರಿನ ಸುಮಾರಿಗೆ ಅಲ್ಲಿ ಓಝೋನ್ ಬಹಳ ತೆಳುವಾಗುತ್ತದೆ. ಜೋಸೆಫ್ ಫಾರ್ಮನ್ ಮತ್ತು ಇಬ್ಬರು ಸಂಗಡಿಗರು 1985ರ ಮೇ ತಿಂಗಳಲ್ಲಿ ಇದನ್ನು ಪ್ರಕಟಿಸಿದರು. ಬಾಗಲಕೋಟೆ ಜಿಲ್ಲೆಯ ಮೇಲೆ ಅಂಥ ರಂಧ್ರ ಇಲ್ಲ. ಓಝೋನ್ ತೆಳುವಾದರೆ ಹೆಚ್ಚುವುದು ಬಿಸಿಲಿನ ಝಳ ಅಲ್ಲ, ಚರ್ಮಕ್ಕೂ ಕಣ್ಣಿಗೂ ಕೆಡುಕಾದ ಅತಿನೇರಳೆ ಕಿರಣ. ಅದಕ್ಕೆ ಮುಖ್ಯ ಕಾರಣ ರವದಿಯಲ್ಲ, ಸಿಎಫ್‌ಸಿ.

ಈ ಕೊನೆಯ ಮಾತಿಗೂ ಸಾಕ್ಷಿ ಬೇಕಿತ್ತು, ಅದರ ಮೇಲೆ ದೊಡ್ಡ ಜಗಳವೇ ನಡೆದಿತ್ತು. ಓಝೋನನ್ನು ತಿನ್ನುವುದು ಕ್ಲೋರಿನ್. ಮೇಲೆ ಕ್ಲೋರಿನ್ ಇದೆ ನಿಜ, ಆದರೆ ಅದು ಸಮುದ್ರದ ಉಪ್ಪಿನಿಂದ, ಜ್ವಾಲಾಮುಖಿಯಿಂದ ಬಂದದ್ದು, ನಮ್ಮ ಫ್ರಿಜ್‌ಗಳ ಮೇಲೆ ಯಾಕೆ ಹೊರಿಸುತ್ತೀರಿ ಎಂದು ವಾದಿಸುವವರಿದ್ದರು. ಸಂತೆಯಲ್ಲಿ ಕಳುವಾದ ಎಮ್ಮೆ ತನ್ನದೇ ಅಂತ ಇಬ್ಬರು ಹೇಳಿದರೆ ಏನು ಮಾಡುತ್ತಾರೆ? ಗುರುತು ಕೇಳುತ್ತಾರೆ. ಇಲ್ಲಿ ಗುರುತು ಫ್ಲೋರಿನ್. ಸಿಎಫ್‌ಸಿ ಕಣದಲ್ಲಿ ಕ್ಲೋರಿನ್ ಜೊತೆಗೆ ಫ್ಲೋರಿನ್ ಕೂಡ ಇರುತ್ತದೆ. ಮೇಲೆ ಹೋಗಿ ಅತಿನೇರಳೆ ಕಿರಣಕ್ಕೆ ಒಡೆದಾಗ ಕ್ಲೋರಿನ್ ಕೊನೆಗೆ ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ, ಫ್ಲೋರಿನ್ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಸಮುದ್ರದ ಉಪ್ಪು ಅಷ್ಟು ಮೇಲೆ ಹೋಗುವುದಿಲ್ಲ, ಮಳೆಯೇ ತೊಳೆದು ಕೆಳಗಿಳಿಸುತ್ತದೆ. ಅಷ್ಟು ಎತ್ತರದಲ್ಲಿ ಹೈಡ್ರೋಜನ್ ಫ್ಲೋರೈಡಿಗೆ ಹೇಳಿಕೊಳ್ಳುವಂಥ ನೈಸರ್ಗಿಕ ಮೂಲವೇ ಇಲ್ಲ.

ಎರಡಕ್ಕೂ ಅವಕೆಂಪಿನಲ್ಲಿ ಒಳ್ಳೆಯ ಗೆರೆಗಳಿವೆ. ರಂಧ್ರದ ಸುದ್ದಿ ಬಂದ ಹೊತ್ತಿನಲ್ಲೇ, 1985ರ ಏಪ್ರಿಲ್ 29ಕ್ಕೆ, ಚಾಲೆಂಜರ್ ನೌಕೆ ಆಟ್ಮೋಸ್ ಎಂಬ ಉಪಕರಣ ಹೊತ್ತು ಹಾರಿತು. ಅಂತರಿಕ್ಷದಿಂದ ಸೂರ್ಯೋದಯ, ಸೂರ್ಯಾಸ್ತ ನೋಡಿ 30ಕ್ಕೂ ಹೆಚ್ಚು ಅನಿಲಗಳನ್ನು ಅಳೆಯಿತು. 1992, 1993, 1994ರಲ್ಲಿ ಅದೇ ಉಪಕರಣ ಮತ್ತೆ ಹೋಗಿ ನೋಡಿದಾಗ ಕ್ಲೋರೈಡೂ ಫ್ಲೋರೈಡೂ ಎರಡೂ ಏರಿದ್ದವು. 1991ರಲ್ಲಿ ಹಾರಿದ ಉಪಗ್ರಹದ ಹ್ಯಾಲೋ ಎಂಬ ಉಪಕರಣ, ಯುಂಗ್‌ಫ್ರೌಯೋಖ್ ಬೆಟ್ಟ, ಎಲ್ಲ ಕಡೆಯ ಲೆಕ್ಕವೂ ಹೊಂದಿತು. ಎಮ್ಮೆ ಯಾರದ್ದು ಎಂದು ತೀರ್ಮಾನವಾಯಿತು.

1987ರ ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಗಿತ್ತು. ನಾವು ಸುದ್ದಿ ಮಾಡಿದ ಆ ಓಝೋನ್ ದಿನ ಇದರದ್ದೇ ನೆನಪು. ಭಾರತ 1992ರಲ್ಲಿ ಸೇರಿತು, 2010ರ ಹೊತ್ತಿಗೆ ಸಿಎಫ್‌ಸಿ ನಿಲ್ಲಿಸಿತು. ಈಗ ಮೇಲಿನ ಹೈಡ್ರೋಜನ್ ಕ್ಲೋರೈಡ್ ನಿಧಾನವಾಗಿ ಇಳಿಯುತ್ತಿದೆ. ಅದನ್ನೂ ಗೆರೆ ನೋಡಿಯೇ ಹೇಳುತ್ತಾರೆ. ನಡುವೆ 2007ರ ನಂತರ ಕೆಲವು ವರ್ಷ ಉತ್ತರಾರ್ಧ ಗೋಳದ ಕೆಳಸ್ತರದಲ್ಲಿ ಅದು ಏರಿದ್ದೂ ಉಂಟು. ಯಾರೋ ಕದ್ದು ಸಿಎಫ್‌ಸಿ ಬಿಡುತ್ತಿದ್ದಾರೋ ಎಂಬ ಸಂಶಯ ಬರುವಂಥದ್ದೇ. ಲೆಕ್ಕ ಹಾಕಿ ನೋಡಿದರೆ ಮೇಲಿನ ಗಾಳಿಯ ಸುತ್ತಾಟ ಆ ವರ್ಷಗಳಲ್ಲಿ ಬದಲಾಗಿದ್ದೇ ಕಾರಣ ಎಂದು 2014ರಲ್ಲಿ ಬರೆದರು. ಅವರೂ ನಮ್ಮ ಹಾಗೆ ಅವಸರದಲ್ಲಿ ಆರು ಗಂಟೆಯೊಳಗೆ ಕಳಿಸಿದ್ದರೆ ಏನಾಗುತ್ತಿತ್ತೋ.

ಹಾಗಾದರೆ ಹೊಗೆ ಪೂರ್ತಿ ನಿರಪರಾಧಿಯೇ? ಅಪ್ಪನಿಗೆ ಹೇಳಲು ನಮಗೆ ಈ ಉತ್ತರ ಬೇಕಿತ್ತು. ಹುಡುಕಿದಾಗ ಸಿಕ್ಕದ್ದು ಆಸ್ಟ್ರೇಲಿಯಾ. 2019-20ರ ಅಲ್ಲಿನ ಕಾಡ್ಗಿಚ್ಚು ಎಷ್ಟು ದೊಡ್ಡದಿತ್ತೆಂದರೆ ಬೆಂಕಿಯ ಕಾವಿಗೇ ಗುಡುಗಿನ ಮೋಡ ಎದ್ದು ಹೊಗೆಯನ್ನು ಓಝೋನ್ ಇರುವ ಎತ್ತರಕ್ಕೆ ತಳ್ಳಿತು. ಸೈಸ್ಯಾಟ್ ಅದನ್ನು ಕಂಡಿತು. 2020ರಲ್ಲಿ ದಕ್ಷಿಣದ ಮೇಲ್ಗಾಳಿಯಲ್ಲಿ ಹೈಡ್ರೋಜನ್ ಕ್ಲೋರೈಡ್ ಎಂದಿಲ್ಲದಷ್ಟು ಇಳಿದು, ಕ್ಲೋರಿನ್ ಬೇರೆ ರೂಪಗಳಿಗೆ ತಿರುಗಿತ್ತು. ಹೊಗೆಯ ಕಣಗಳು ಅಲ್ಲಿನ ರಸಾಯನವನ್ನೇ ಕೆಡಿಸಿದ್ದವು, ಓಝೋನಿಗೆ ಪೆಟ್ಟು ಬಿತ್ತು. ಅಂದರೆ ಭಾಷಣ ಮಾಡಿದವರ ಮಾತಿನಲ್ಲಿ ಒಂದು ಎಳೆ ಎಲ್ಲಿಂದಲೋ ಬಂದಿರಬಹುದು. ಆದರೆ ಕಾಡು ಸುಟ್ಟ ಬೆಂಕಿಗೂ ಮೂರು ಎಕರೆ ರವದಿಗೂ ಅಜಗಜಾಂತರ. ನಮ್ಮ ಹೊಗೆ ಅಷ್ಟು ಎತ್ತರ ಏರುವುದಿಲ್ಲ, ಕೆಳಗೇ ಉಳಿಯುತ್ತದೆ.

ಕೆಳಗೇ ಉಳಿಯುತ್ತದೆ ಎನ್ನುವುದೇ ತೊಂದರೆ. ಚಳಿಗಾಲದ ಸಂಜೆ ನಮ್ಮೂರ ಮೇಲೆ ಹೊಗೆ ಚಾದರದಂತೆ ಮಲಗುವುದನ್ನು ನೀವೂ ನೋಡಿದ್ದೀರಿ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಗಾಳಿಯಲ್ಲಿ ವಾರಗಟ್ಟಲೆ, ಒಂದೆರಡು ತಿಂಗಳವರೆಗೂ ಉಳಿದು ದೂರ ಹೋಗುತ್ತದೆ. 1999ರಲ್ಲಿ ಹಾರಿದ ಟೆರಾ ಉಪಗ್ರಹದ ಮಾಪಿಟ್ ಉಪಕರಣ ಇದನ್ನು ಅವಕೆಂಪಿನಲ್ಲೇ ಅಳೆದು ಲೋಕದ ನಕ್ಷೆ ಮಾಡಿತು. ನಮ್ಮ ರಾಜ್ಯಕ್ಕೂ ಇಂಥ ಕೆಲಸದ ನಂಟು ಇದೆ. ಹಾಸನದ ಇಸ್ರೊ ಕೇಂದ್ರದಿಂದ ನಿಯಂತ್ರಿಸುವ ಇನ್ಸಾಟ್-3ಡಿ ಉಪಗ್ರಹ 2013ರಲ್ಲಿ ಹಾರಿದಾಗ 19 ಚಾನೆಲ್ಲಿನ ಸೌಂಡರ್ ಎಂಬ ಉಪಕರಣ ಹೊತ್ತಿತ್ತು, ಅದರಲ್ಲಿ 18 ಅವಕೆಂಪಿನವು. ಗಾಳಿಯ ಉಷ್ಣ, ತೇವಾಂಶ, ಓಝೋನ್ ನೋಡುವುದು ಅದರ ಕೆಲಸ.

ಇಷ್ಟೆಲ್ಲ ಓದಿಕೊಂಡು ಜನವರಿಯಲ್ಲಿ, ನಮ್ಮ ಹೊಲದ ಕಬ್ಬು ಕಡಿದು ಗಾಡಿ ಹೋದ ಮರುದಿನ, ಅಪ್ಪನ ಹತ್ತಿರ ಹೋದೆವು. ಚಹಾದಂಗಡಿಯ ಆ ದಿನದಿಂದ ಅವರು ನಮ್ಮ ಸುದ್ದಿ ಓದುವುದನ್ನೇ ಬಿಟ್ಟಿದ್ದರು. ಬದುವಿನ ಮೇಲೆ ಕೂತು ಹೇಳಿದೆವು.

"ಅಪ್ಪಾ, ನಾ ಬರದದ್ದು ತಪ್ಪು. ನಮ್ಮ ಹೊಗಿಯಿಂದ ಓಝೋನ್ ತೂತು ಬಿದ್ದಿಲ್ಲ."

ಅವರು ಬೀಡಿ ಹಚ್ಚಿದರು. "ಅದು ನನಗೂ ಗೊತ್ತಿತ್ತಲ್ಲೋ."

"ಆದರ ಹೊಗಿ ಎಲ್ಲಿಗೂ ಹೋಗಂಗಿಲ್ಲಪ್ಪಾ, ನಮ್ಮ ಮನೀ ಮ್ಯಾಲs ಕುಂದರತೈತಿ. ಅವ್ವನ ಕೆಮ್ಮು ನೋಡು."

ಅಪ್ಪ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರವದಿ ಪುಡಿ ಮಾಡುವ ಯಂತ್ರದ ಬಾಡಿಗೆ ಎಷ್ಟು ಅಂತ ಕೇಳಿದರು. ಹೇಳಿದೆವು. ಮೂರೂ ಎಕರೆಗೆ ಆಗುವುದಿಲ್ಲ ಅಂದರು, ಅದು ನಿಜ. ಕೊನೆಗೆ ಎರಡು ಎಕರೆಗೆ ಯಂತ್ರ ಹೇಳಿದೆವು. ಬಾಡಿಗೆಯಲ್ಲಿ ಅರ್ಧ ನಮ್ಮ ಸುದ್ದಿಯ ಸಂಭಾವನೆಯಿಂದ, ಅದೂ ನಾಲ್ಕು ತಿಂಗಳ ಬಾಕಿ ಬಂದ ಮೇಲೆ.

ಉಳಿದ ಒಂದು ಎಕರೆಗೆ ಅಪ್ಪ ಬೆಂಕಿ ಇಟ್ಟರು. ಗಾಳಿ ಊರಿನ ಕಡೆ ಬೀಸದ ದಿನ ನೋಡಿ, ಸಂಜೆ ಬಿಟ್ಟು ಮಧ್ಯಾಹ್ನದ ಹೊತ್ತಿಗೆ. ನಾವು ಬಿಂದಿಗೆ ನೀರು ಹಿಡಿದು ಬದುವಿನ ಈ ಕಡೆ ನಿಂತಿದ್ದೆವು. ಮಾಸ್ತರಿಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ, "ಎಷ್ಟು ಎಕರೆ ಅಂತ ಸರಿಯಾಗಿ ಬರಕೊಂಡೀಯಿಲ್ಲೋ?"

ಬರೆದುಕೊಂಡಿದ್ದೇವೆ.